ಐದಕ್ಷರದ ಇಂಗ್ಲಿಷ್ ಪದ: ಅಕ್ಷರದ ಜೊತೆ ಅದರ ಮನೆಯನ್ನೂ ಹೇಳಿ

ಮಾನ್ಯ ಸಂಪಾದಕರೇ,

'ಎ ಮತ್ತು ಐ ಇರುವ ಐದಕ್ಷರದ ಇಂಗ್ಲಿಷ್ ಪದಗಳು' ಎಂಬಂಥ ಪಟ್ಟಿಗಳು ಈಚೆಗೆ ವಿದ್ಯಾರ್ಥಿ ಪುರವಣಿಗಳಲ್ಲಿ ಅರ್ಥಸಹಿತ ಬರುತ್ತಿವೆ. ಐದಕ್ಷರದ ಇಂಗ್ಲಿಷ್ ಪದವನ್ನು ಆರು ಅವಕಾಶಗಳಲ್ಲಿ ಊಹಿಸುವ ವರ್ಡಲ್ ಆಟ 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ತೆರೆದುಕೊಂಡು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪಾಲಾದ ಮೇಲೆ ಇಂಥ ಪದಗಳ ಹುಡುಕಾಟ ಹೆಚ್ಚಿದೆ. ಪಟ್ಟಿ ಬರಲಿ, ಸಂತೋಷ. ಆದರೆ ಯಾವ ಅಕ್ಷರ ಇದೆ ಎಂದಷ್ಟೇ ಹೇಳಿ, ಅದು ಎಷ್ಟನೆಯ ಮನೆಯಲ್ಲಿ ಕೂರುತ್ತದೆ ಎಂಬುದನ್ನು ಬಿಟ್ಟರೆ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರಿಂದ ಹೆಚ್ಚು ದಕ್ಕುವುದಿಲ್ಲ.

ನಮ್ಮ ಪದಬಂಧದಲ್ಲಿ ಗುಣಿತ, ಒತ್ತು ಎಲ್ಲ ಸೇರಿ ಒಂದು ಅಕ್ಷರಕ್ಕೆ ಒಂದು ಮನೆ. ಇಂಗ್ಲಿಷಿನಲ್ಲಿ ಕ್ಯೂ-ಯು-ಇ-ಯು-ಇ ಎಂದು ಐದು ಮನೆ ತುಂಬಿದರೂ ಕಿವಿಗೆ ಬೀಳುವುದು 'ಕ್ಯೂ' ಎಂಬ ಒಂದೇ ಅಕ್ಷರ. ಕಿವಿಯನ್ನು ನಂಬಿ ಬರೆಯುವ ಮಗು ಎಡವುವುದು ಇಲ್ಲೇ.

'ಡೈರಿ'ಯನ್ನೇ ನೋಡಿ. ಬೆಳಿಗ್ಗೆ ಹಾಲು ಹಾಕಿ ಬರುವುದೂ ಡೈರಿಗೆ, ರಾತ್ರಿ ಕೂತು ಬರೆಯುವುದೂ ಡೈರಿ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇಕಾದವು ಡಿ, ಎ, ಐ, ಆರ್, ವೈ ಎಂಬ ಅವೇ ಐದು ಅಕ್ಷರಗಳು. ಎರಡನೆಯ ಮನೆಯಲ್ಲಿ ಎ, ಮೂರರಲ್ಲಿ ಐ ಬಂದರೆ ಹಾಲಿನದು, ಉಚ್ಚಾರ 'ಡೇರಿ'. ಅವೆರಡು ಅದಲುಬದಲಾದರೆ ದಿನಚರಿ, ಉಚ್ಚಾರ 'ಡಯರಿ'. ಹಾಲಿನ ಡೇರಿಯೊಳಗೆ ಗಾಳಿ ಎಂಬರ್ಥದ 'ಏರ್' ಇದೆ ಎಂದು ತೋರಿಸಿಕೊಟ್ಟರೆ ಮಕ್ಕಳು ಮತ್ತೆ ತಪ್ಪುವುದು ಕಡಿಮೆ. ಬಟ್ಟೆ ಅಂಗಡಿಗಳ 'ಟ್ರಯಲ್ ರೂಮ್' ಫಲಕಗಳಲ್ಲೂ ಇದೇ ಪಲ್ಲಟ. ಟಿ-ಆರ್-ಐ-ಎ-ಎಲ್ ಎಂದರೆ ಪರೀಕ್ಷೆ, ಹಾಕಿ ನೋಡುವುದು, ನ್ಯಾಯಾಲಯದ ವಿಚಾರಣೆ. ಐ ಮತ್ತು ಎ ಹಿಂದುಮುಂದಾದರೆ ಅದು 'ಟ್ರೇಲ್', ಅಂದರೆ ಕಾಡಿನ ಕಾಲುದಾರಿ ಅಥವಾ ಪ್ರಾಣಿಯ ಜಾಡು. ಎ-ಎನ್-ಜಿ ಆದಮೇಲೆ ಕೊನೆಯ ಎರಡು ಮನೆಯಲ್ಲಿ ಎಲ್-ಇ ಇದ್ದರೆ ಕೋನ, ವೆಲ್ಡಿಂಗ್ ಅಂಗಡಿಯ ಆಂಗಲ್. ಇ-ಎಲ್ ಆದರೆ 'ಏಂಜಲ್', ದೇವದೂತ. ಕ್ಯೂ-ಯು-ಐ ಆದಮೇಲೆ ಇ-ಟಿ ಬಂದರೆ 'ಕ್ವಯಟ್', ನಿಶ್ಶಬ್ದ. ಟಿ-ಇ ಬಂದರೆ 'ಕ್ವೈಟ್', ಸಾಕಷ್ಟು ಅಥವಾ ಪೂರ್ತಿ ಎಂಬರ್ಥ. ಇಂಥ ಜೋಡಿಗಳನ್ನು ಬೇರೆ ಬೇರೆ ದಿನ ಹಾಕಬೇಡಿ. ಅಕ್ಕಪಕ್ಕ ಇಟ್ಟು, ಬದಲಾದ ಮನೆಗಳನ್ನು ದಪ್ಪ ಅಚ್ಚಿನಲ್ಲಿ ಕೊಡಿ.

ಹುಡುಕುವ ಕ್ರಮವನ್ನೂ ಕಲಿಸಬೇಕು. ವರ್ಡಲ್‌ನ ಮೂಲ ಉತ್ತರಪಟ್ಟಿಯಲ್ಲಿದ್ದ 2,315 ಪದಗಳಲ್ಲಿ ಇ ಅಕ್ಷರ 1,233 ಸಲ, ಎ 979 ಸಲ, ಆರ್ 899 ಸಲ ಬರುತ್ತದೆ. ಇ-ಯಲ್ಲಿ ಮುಗಿಯುವವು 424, ವೈ-ಯಲ್ಲಿ 364. ಎಸ್‌ನಿಂದ ಶುರುವಾಗುವವು 366 ಇದ್ದರೂ ಎಸ್‌ನಲ್ಲಿ ಮುಗಿಯುವವು 36 ಮಾತ್ರ. ನಾಲ್ಕಕ್ಷರದ ನಾಮಪದಕ್ಕೆ ಎಸ್ ಹಚ್ಚಿದ ಬಹುವಚನಗಳನ್ನು ಉತ್ತರಗಳಿಂದ ಹೊರಗಿಟ್ಟದ್ದೇ ಇದಕ್ಕೆ ಕಾರಣ. ಹಾಗಾಗಿ ಮೊದಲು ಕೊನೆಯ ಮನೆ ನೋಡಿ, ಆಮೇಲೆ ಸ್ವರಗಳ ಜಾಗ ಗೊತ್ತುಮಾಡಿ, ವ್ಯಂಜನಗಳನ್ನು ಕಡೆಗೆ ತುಂಬುವುದು ಸುಲಭದ ದಾರಿ.

ಎರಡು ಕಡೆ ಆಟ ಕೆಡುತ್ತದೆ. ಒಂದು, ಅಕ್ಷರ ಎರಡು ಸಲ ಬಂದಾಗ. ಆಟದಲ್ಲಿ ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಪದದಲ್ಲಿ ಇಲ್ಲದಿದ್ದರೆ ಬೂದು. ಉತ್ತರ 'ಲೆಮನ್' ಆಗಿದ್ದು ನೀವು 'ಲೆವೆಲ್' ಬರೆದರೆ ಮೊದಲ ಎಲ್ ಮತ್ತು ಮೊದಲ ಇ ಹಸಿರಾಗುತ್ತವೆ, ಉಳಿದ ಮೂರು ಬೂದು. ಕೊನೆಯ ಎಲ್ ಬೂದಾಯಿತೆಂದು ಎಲ್ ಪದದಲ್ಲೇ ಇಲ್ಲ ಎಂದು ತಿಳಿಯಬಾರದು. ಎರಡನೆಯ ಎಲ್ ಇಲ್ಲ ಎಂದಷ್ಟೇ ಅದರರ್ಥ.

ಇನ್ನೊಂದು ಐ-ಜಿ-ಎಚ್-ಟಿ ಬಲೆ. ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್, ಜೊತೆಗೆ 'ಏಯ್ಟ್': ನಾಲ್ಕು ಮನೆ ತುಂಬಿದರೂ ಕನಿಷ್ಠ ಎಂಟು ಪದ ಉಳಿಯುತ್ತವೆ, ಅವಕಾಶ ಆರೇ. ಒಂದೊಂದಾಗಿ ಬರೆಯುತ್ತ ಹೋದರೆ ಸೋಲು ಹತ್ತಿರ. ಅದರ ಬದಲು 'ಫಿಲ್ಮ್ಸ್' ಬರೆಯಿರಿ. ಎಫ್, ಎಲ್, ಎಮ್, ಎಸ್ ನಾಲ್ಕೂ ಒಂದೇ ಏಟಿಗೆ ಪರೀಕ್ಷೆಯಾಗುತ್ತವೆ. ಅವು ಯಾವುವೂ ಅಲ್ಲವೆಂದಾದರೆ 'ಟ್ರೇನ್' ಬರೆದು ಟಿ, ಆರ್, ಎನ್ ನೋಡಿ. ಬಹುವಚನ ಉತ್ತರವಾಗದಿದ್ದರೂ ಊಹೆಯಾಗಿ ನಡೆಯುತ್ತದೆ. ಸಿಕ್ಕ ಸುಳಿವನ್ನು ಬಳಸಲೇಬೇಕೆನ್ನುವ ಹಾರ್ಡ್ ಮೋಡ್‌ನಲ್ಲಿ ಮಾತ್ರ ಈ ಉಪಾಯ ಸಾಗದು.

ಅರ್ಥದ ವಿಷಯಕ್ಕೆ ಬಂದರೆ ಒಂದು ಪದಕ್ಕೆ ಒಂದು ಕನ್ನಡ ಪದ ಕೊಟ್ಟು ಕೈಬಿಡುವುದು ಸರಿಯಲ್ಲ. ಎ, ಇ, ಐ, ಒ, ಯು ಒಂದೂ ಇಲ್ಲದ ಪದಗಳ ಗುಂಪು ಇದಕ್ಕೆ ಒಳ್ಳೆಯ ಉದಾಹರಣೆ. ಇವುಗಳಲ್ಲಿ ವೈ ಅಕ್ಷರವೇ ಸ್ವರದ ಕೆಲಸ ಮಾಡುತ್ತದೆ. 'ಲಿಂಫ್' ಎಂದರೆ ದುಗ್ಧರಸ, 'ಕ್ರಿಪ್ಟ್' ಚರ್ಚಿನ ಅಡಿಯ ಸಮಾಧಿಕೋಣೆ, ಎರಡು ಆರ್ ಇರುವ 'ಮರ್' ಎಂದರೆ ರಕ್ತಬೋಳ. 'ಟ್ರಿಸ್ಟ್' ಎಂದರೆ ಬರೀ ಭೇಟಿ ಅಲ್ಲ, ಮೊದಲೇ ಮಾತಾಗಿರುವ ಭೇಟಿ, ಹೆಚ್ಚಾಗಿ ಪ್ರೇಮಿಗಳ ಗುಟ್ಟಿನ ಸಂಕೇತಸ್ಥಾನ. 1947ರ ಆಗಸ್ಟ್ 14ರ ರಾತ್ರಿ ನೆಹರೂ ಅದನ್ನು ವಿಧಿಯೊಡನೆ ಜೋಡಿಸಿ ಆಡಿದ ಮಾತಿನ ತೂಕ ತಿಳಿಯುವುದು ಈ ಅರ್ಥ ಗೊತ್ತಿದ್ದಾಗಲೇ. 'ಪಿಗ್ಮಿ'ಯಂತೂ ನಮ್ಮ ಮನೆಮಾತು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರುಮಾಡಿದ ದಿನಗಟ್ಟಳೆಯ ಕಿರು ಠೇವಣಿಗೆ ಅದೇ ಹೆಸರು. 'ಪಿಗ್ಮಿ ಕಟ್ಟುವುದು' ಎಂದು ಅಂಗಡಿಬೀದಿಯಲ್ಲಿ ಇಂದಿಗೂ ಅನ್ನುತ್ತಾರೆ. ಕುಳ್ಳ, ಕಿರಿದು ಎಂಬ ಮೂಲಾರ್ಥ ಅಲ್ಲಿಂದ ತಾನಾಗಿ ತಿಳಿಯುತ್ತದೆ. ಎರಡನೆಯ ಮನೆಯಲ್ಲಿ ಬ್ಯಾಂಕು ಬರೆದದ್ದು ಐ, ನಿಘಂಟಿನಲ್ಲಿ ಹೆಚ್ಚು ಬಳಕೆಯ ರೂಪದಲ್ಲಿರುವುದು ವೈ. ಎರಡೂ ಸರಿ.

ಕ್ಯೂ ಬಂದಲ್ಲಿ ಯು ಬಂದೇ ಬರುತ್ತದೆ ಎಂದು ಬರೆಯುವುದನ್ನೂ ನಿಲ್ಲಿಸಬೇಕು. ತಲಾಕ್, ಫಕೀರ್, ನಿಕಾಬ್ ಇವು ಇಂಗ್ಲಿಷ್ ನಿಘಂಟಿನಲ್ಲಿ ಯು ಇಲ್ಲದ ಕ್ಯೂ ಹಿಡಿದೇ ಐದಕ್ಷರವಾಗಿ ಕೂತಿವೆ. ಅರಬ್ಬಿಯಿಂದ ಬಂದ ಪದಗಳು. ಅಲ್ಲಿಯ 'ಕಾಫ್' ಅಕ್ಷರಕ್ಕೆ ಕ್ಯೂ ನಿಂತಿದೆ.

ದಿನಕ್ಕೆ ಮೂವತ್ತು ಪದ ಬೇಡ, ಆರು ಸಾಕು. ಪ್ರತಿ ಪದದ ಮುಂದೆ ಐದು ಮನೆಗಳ ಚಿತ್ರ, ಕನ್ನಡ ಲಿಪಿಯಲ್ಲಿ ಉಚ್ಚಾರ, ಉಲಿಯದ ಅಕ್ಷರಕ್ಕೆ ಅಡಿಗೆರೆ, ಅರ್ಥ, ಬಳಸಿದ ಒಂದು ವಾಕ್ಯ ಇರಲಿ. ಮೊದಲ ವಾರ ಡೇರಿ–ಡಯರಿ ಥರದ ಜೋಡಿಗಳಿಂದಲೇ ಶುರುಮಾಡಿ.

ಇಂತಿ,
ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರು, ತೀರ್ಥಹಳ್ಳಿ