ಗಪ್ಪತಿಗೊಂದು ಪತ್ರ: ಆಯಿ ಬಂತು

ಪ್ರಿಯ ಗಪ್ಪತಿ,

ನೀನು ಫೋನ್ ಎತ್ತುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ತೋರಿಸಿ ಮುಗಿಸುತ್ತೀಯ. ಅದಕ್ಕೇ ಹೀಗೆ ಎಲ್ಲರೆದುರು ಬರೆಯುತ್ತಿದ್ದೇನೆ. ಊರಿನವರು ಓದಿ ‘ಎಂತದೋ ಅದು’ ಅಂತ ಕೇಳಿದ ಮೇಲಾದರೂ ನಿನ್ನಿಂದ ಉತ್ತರ ಬಂದೀತು. ಎರಡನೇ ಛತ್ರಿಯ ವಿಷಯ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ನನ್ನ ಅರವಾಕ್ ಹುಚ್ಚು ನಿನಗೆ ಗೊತ್ತು. ಆಫೀಸಿನಿಂದ ಬಂದು, ಅನ್ನಕ್ಕಿಟ್ಟು, ಕುಕ್ಕರ್ ಕೂಗುವವರೆಗೆ ದಕ್ಷಿಣ ಅಮೆರಿಕದ ಗಯಾನಾ, ಸುರಿನಾಮ್ ಕಡೆಯ ಅರವಾಕ್ ಭಾಷೆಗಳ ವ್ಯಾಕರಣ ಓದುತ್ತಾ ಕೂರುವವನು ನಾನು. ಬೇರೆಯವರು ಕ್ರಿಕೆಟ್ ನೋಡುತ್ತಾರೆ, ಅಷ್ಟೇ. ಯಾರಾದರೂ ಊಟಕ್ಕೆ ಕರೆದರೆ ನನ್ನ ಹತ್ತಿರ ಒಂದು ಕತೆ ತಯಾರಿರುತ್ತದೆ. ನೀನೇ ಮೂರು ಸಲ ಕೇಳಿದ್ದೀಯ. ಉಳಿದವರಿಗಾಗಿ ನಾಲ್ಕನೇ ಸಲ ಹೇಳುತ್ತೇನೆ, ತಡೆದುಕೋ.

ರೇಮಂಡ್ ಬ್ರೆಟನ್ ಅಂತ ಒಬ್ಬ ಫ್ರೆಂಚ್ ಪಾದ್ರಿ. 1635ರಲ್ಲಿ ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪಕ್ಕೆ ಬಂದಿಳಿದ. ಆಮೇಲೆ ಡೊಮಿನಿಕಾದಲ್ಲಿ ಕ್ಯಾರಿಬ್ ಜನರ ನಡುವೆ ವರ್ಷಗಟ್ಟಲೆ ಇದ್ದು ಅವರ ಮಾತು ಕಲಿತ. ಫ್ರಾನ್ಸಿಗೆ ಮರಳಿ 1665ರಲ್ಲಿ ಅದರ ನಿಘಂಟು ಅಚ್ಚು ಹಾಕಿಸಿದ. ಆ ದ್ವೀಪಗಳಲ್ಲಿ ಗಂಡಸರಿಗೆ ಒಂದಷ್ಟು ಶಬ್ದ ಬೇರೆ, ಹೆಂಗಸರಿಗೆ ಬೇರೆ. ಅದಕ್ಕೆ ಜನ ಹೇಳುತ್ತಿದ್ದ ಕಾರಣ ಏನು ಗೊತ್ತಾ? ದಕ್ಷಿಣದ ದೊಡ್ಡ ನೆಲದಿಂದ ಕ್ಯಾರಿಬರು ದೋಣಿಯಲ್ಲಿ ಬಂದರು. ದ್ವೀಪದ ಗಂಡಸರನ್ನು ಕೊಂದು ಹೆಂಗಸರನ್ನು ಇಟ್ಟುಕೊಂಡರು. ಹುಟ್ಟಿದ ಮಕ್ಕಳು ತಾಯಿಯ ಅರವಾಕ್ ಮಾತನ್ನೇ ಕಲಿತವು. ಗಂಡುಮಕ್ಕಳು ಅದರೊಳಗೆ ಅಪ್ಪನ ಶಬ್ದ ತುರುಕಿದರು. ಕತೆ ಎಷ್ಟು ನಿಜವೋ, ವ್ಯಾಕರಣ ಮಾತ್ರ ಸುಳ್ಳು ಹೇಳುವುದಿಲ್ಲ. ಕ್ಯಾರಿಬ್ ಅಂತ ಕರೆಸಿಕೊಂಡ ಆ ಭಾಷೆ ಒಳಗೆಲ್ಲ ಅರವಾಕ್. ‘ಹೆಸರು ಅಪ್ಪನದ್ದು, ಭಾಷೆ ಅಮ್ಮನದ್ದು’ ಅಂತ ಹೇಳಿ ನಾನು ಸ್ವಲ್ಪ ನಿಲ್ಲಿಸುತ್ತೇನೆ. ನೀನು ಸರಿಯಾಗಿ ಆಗಲೇ ಮಜ್ಜಿಗೆ ಕೇಳುತ್ತೀಯ.

ಅದೇ ಬಳ್ಳಿಯ ಕುಡಿ ಗರಿಫುನಾ ಭಾಷೆ. ಅದನ್ನಾಡುವ ಜನರನ್ನು ಬ್ರಿಟಿಷರು 1797ರಲ್ಲಿ ಸೇಂಟ್ ವಿನ್ಸೆಂಟ್ ದ್ವೀಪದಿಂದ ಹಡಗಿಗೆ ತುಂಬಿ ಹೊಂಡುರಾಸ್ ಕಡೆಯ ರೊವಾಟಾನ್ ದ್ವೀಪದಲ್ಲಿ ಇಳಿಸಿ ಹೋದರು. ಅವರು ಎಣಿಸುವುದು ಕೇಳು: ಅಬನ್, ಬಿಯಾಮ, ಉರುವ. ಮೂರಕ್ಕೆ ಸ್ವಂತದ್ದು ಮುಗಿಯಿತು. ನಾಲ್ಕರಿಂದ ಫ್ರೆಂಚರ ಸಾಲ. ಗಾದುರು, ಸೆಂಗು, ಸಿಸಿ ಹೀಗೆ. ಅಯ್ಯೋ ಪಾಪ ಅಂದುಕೊಂಡೆ. ಅಷ್ಟರಲ್ಲಿ ಗ್ಯಾಸಿನವನು ಬಂದು ಫೋನ್ ನಂಬರ್ ಕೇಳಿದ. ಹತ್ತಕ್ಕೆ ಹತ್ತೂ ಅಂಕಿ ಇಂಗ್ಲಿಷಿನಲ್ಲಿ ಹೇಳಿದೆ. ಅದೂ ಇರಲಿ, ನಮ್ಮ ‘ಸಾವಿರ’ವಾದರೂ ಸಂಸ್ಕೃತದ ಸಹಸ್ರವೇ. ಅವರ ಬಂಡವಾಳ ಮೂರು, ನಮ್ಮದು ನೂರು. ಆಮೇಲೆ ಎಲ್ಲರದ್ದೂ ಕೈಗಡ.

ಈಗ ವಿಷಯಕ್ಕೆ ಬರುತ್ತೇನೆ.

ಹೋದ ಭಾನುವಾರ ನಮ್ಮ ಓದುಕೂಟದಲ್ಲಿ ಲೊಕೊನೊ ಬಗ್ಗೆ ಮಾತಾಡಿದೆ. ಗಯಾನಾ, ಸುರಿನಾಮಿನಲ್ಲಿ ಈಗಲೂ ಉಳಿದಿರುವ ಅಸಲಿ ಅರವಾಕ್ ಅದು. ಆಡುವವರು ಜಾಸ್ತಿ ವಯಸ್ಸಾದವರೇ. ಅದರಲ್ಲಿ ಲಿಂಗ ಎರಡೇ. ಗಂಡಸಿಗೆ ‘ಲ’. ಮಿಕ್ಕಿದ್ದಕ್ಕೆಲ್ಲ ‘ಥ’. ಹೆಂಗಸು, ನಾಯಿ, ದೋಣಿ, ಮಳೆ ಎಲ್ಲ ಒಂದೇ ಗಂಟಿನಲ್ಲಿ. ಹೊರಗಿನ ಗಂಡಸರನ್ನೂ ಎಷ್ಟೋ ಸಲ ಆ ಗಂಟಿಗೇ ಹಾಕುತ್ತಾರೆ. ನಾವಿಬ್ಬರು ಅಲ್ಲಿಗೆ ಹೋದರೆ ಮಳೆಯ ಸಾಲಿಗೆ ಸೇರುತ್ತೇವೆ.

ಜನ ಆಹಾ ಅಂದರು. ಹಿಂದೆ ಕೂತಿದ್ದ ಒಬ್ಬ ಹುಡುಗಿ ಕೇಳಿದಳು: ‘ನಮ್ಮ ಕಡೆ ಹೀಗೆ ಎಲ್ಲಾದರೂ ಇದೆಯಾ ಸರ್?’

‘ಇಲ್ಲ’ ಅಂದೆ. ‘ಕನ್ನಡದಲ್ಲಿ ಅವನು, ಅವಳು, ಅದು ಮೂರೂ ಇದೆಯಲ್ಲ.’

ಇಲ್ಲ ಅಂದೆ ಮಾರಾಯ! ಅಪ್ಪ ಬಂದ, ಆಯಿ ಬಂತು, ಆಕಳು ಬಂತು ಅಂತ ಬೆಳೆದ ಹವ್ಯಕ ಮಾಣಿ. ನಮ್ಮಲ್ಲಿ ಆಯಿ ಅಂದರೆ ಅಮ್ಮ. ಅಕ್ಕ ಪ್ಯಾಟಿಗೆ ಹೋತು ಅಂತ ನಿನ್ನೆಯೂ ಅಂದವನು. ಅದೇ ಲೆಕ್ಕ, ಅದೇ ಎರಡು ಗಂಟು. ಏಳು ಸಮುದ್ರದಾಚೆಯ ವ್ಯಾಕರಣ ನಮ್ಮನೆ ಜಗಲಿಯಲ್ಲೇ ಕೂತಿತ್ತು.

ಮರೆತು ಅಂದೆ ಅಂತ ಬರೆಯೋಣ ಅಂದುಕೊಂಡೆ. ಸುಳ್ಳು. ಬಾಯಿಗೆ ಬಂದಿತ್ತು, ನುಂಗಿದೆ. ಹಾಸ್ಟೆಲಿನ ಮೊದಲ ವಾರ ನೆನಪಿದೆಯಲ್ಲ? ‘ನಾಳೆ ಆಯಿ ಬರ್ತು’ ಅಂದಿದ್ದಕ್ಕೆ ಇಡೀ ರೂಮು ನಕ್ಕಿತು. ‘ಯಾವ ರೂಟಿನ ಬಸ್ಸು?’ ಅಂತ. ಮಾರನೆಯ ದಿನ ಆಯಿ ಡಬ್ಬಿ ಹಿಡಿದು ಗೇಟಿನೊಳಗೆ ಕಾಲಿಡುವಾಗ ಒಬ್ಬ ಬಾಯಲ್ಲೇ ಹಾರ್ನ್ ಹೊಡೆದ. ಆಯಿಗೆ ಅರ್ಥವಾಗಲಿಲ್ಲ. ಅವನಿಗೂ ನಾಲ್ಕು ಚಕ್ಕುಲಿ ಕೊಟ್ಟಿತು. ಅವತ್ತಿನಿಂದ ನನ್ನ ಬಾಯಲ್ಲಿ ‘ನಮ್ಮ ತಾಯಿಯವರು ಬರುತ್ತಾರೆ’. ಒಂದೇ ರಾತ್ರಿಯಲ್ಲಿ ಕಲಿತೆ.

ನೀನು ಬದಲಾಯಿಸಲಿಲ್ಲ. ಮೂರು ವರ್ಷ ‘ಬಸ್ಸು’ ಅಂತ ಕರೆಸಿಕೊಂಡೇ ಓಡಾಡಿದೆ. ಆ ಹೆಸರು ನಿನಗಿಟ್ಟದ್ದು ಅವರ್‍ಯಾರೂ ಅಲ್ಲ, ಗಪ್ಪತಿ. ನಾನು. ಎಲ್ಲರಿಗಿಂತ ಮೊದಲು ನಾನೇ ಅಂದದ್ದು. ನನ್ನ ಮೇಲಿನ ನಗು ನಿನ್ನ ಕಡೆ ತಿರುಗಲಿ ಅಂತ. ಇದನ್ನು ಬರೆಯಬೇಕು ಅಂತ ಕೂತದ್ದಲ್ಲ. ಅರವಾಕ್ ಬಗ್ಗೆ ಬರೆಯೋಣ ಅಂತಲೇ ಕೂತದ್ದು.

ಆ ಭಾನುವಾರ ರಾತ್ರಿ ಪ್ರಾಯಶ್ಚಿತ್ತಕ್ಕೆ ಆಯಿಗೆ ಫೋನ್ ಮಾಡಿದೆ. ‘ಅಡಿಕೆ ಸುಲಿಯೋದರ ಬಗ್ಗೆ ಹೇಳು, ರೆಕಾರ್ಡ್ ಮಾಡಿಕೊಳ್ಳುತ್ತೇನೆ’ ಅಂದೆ. ರೆಕಾರ್ಡ್ ಅಂದದ್ದೇ ತಪ್ಪಾಯಿತು. ಆಯಿ ಗಂಟಲು ಸರಿಮಾಡಿಕೊಂಡು, ‘ನಮ್ಮ ಭಾಗದಲ್ಲಿ ಅಡಿಕೆಯನ್ನು ಸುಲಿಯುವ ಕ್ರಮವೇನೆಂದರೆ’ ಅಂತ ರೇಡಿಯೊದ ಕೃಷಿ ಕಾರ್ಯಕ್ರಮದ ಹಾಗೆ ಶುರುಮಾಡಿತು. ಹನ್ನೊಂದು ನಿಮಿಷ. ಮೆಟ್ಟುಗತ್ತಿ ಬಿಟ್ಟರೆ ಒಂದು ಮನೆಮಾತಿಲ್ಲ. ನಾನು ಬಂದ್ ಮಾಡಿದೆ ಅಂದ ಮೇಲೆ ‘ಊಟ ಆತನೋ ತಮಾ?’ ಅಂತು. ಅದು ರೆಕಾರ್ಡ್ ಆಗಲಿಲ್ಲ. ಆಯಿಗೆ ಈ ನಯ ಕಲಿಸಿದ ಹಾಸ್ಟೆಲ್ ಯಾವುದೋ, ಕೇಳಲು ಧೈರ್ಯ ಬರಲಿಲ್ಲ.

ಗಯಾನಾದ ಜಾನ್ ಪೀಟರ್ ಬೆನೆಟ್ ನೆನಪಾದರು. ಅವರು ಲೊಕೊನೊ ಜನದವರೇ, ಪಾದ್ರಿ. ತಮ್ಮ ಮಾತಿನ ಶಬ್ದಗಳನ್ನು ತಾವೇ ಕೂಡಿಸಿದರು, ಆ ನಿಘಂಟು 1989ರಲ್ಲಿ ಅಚ್ಚಾಯಿತು. ಬ್ರೆಟನ್ ಪರರ ಮಾತಿಗಾಗಿ ಸಮುದ್ರ ದಾಟಿದ. ಬೆನೆಟ್ ಮನೆಯಲ್ಲಿದ್ದದ್ದನ್ನು ಬರೆದಿಟ್ಟರು. ನಾನು ಎರಡೂ ಅಲ್ಲ. ಕುಕ್ಕರ್ ಮೂರು ಸಲ ಕೂಗುವವರೆಗಿನ ಭಾಷಾಪಂಡಿತ. ಈಗಲೂ ಕೂಗುತ್ತಿದೆ, ಎಷ್ಟನೆಯದೋ ಲೆಕ್ಕ ತಪ್ಪಿತು. ಅನ್ನ ಗಂಜಿಯಾಗಿರುತ್ತದೆ.

ಚೌತಿಗೆ ಬರುತ್ತೇನೆ. ಎಲ್ಲ ಸೇರಿ ಚಕ್ಕುಲಿ ಸುತ್ತುವ ಕಂಬಳಕ್ಕೆ ನಿನ್ನನ್ನು ಕರೆಯಲು ಆಯಿ ಹೇಳಿದೆ. ಬೈಯುವುದಿದ್ದರೆ ಸ್ಟ್ಯಾಂಡಿಗೇ ಬಂದು ಬೈದುಬಿಡು, ಮನೆಗೆ ಹೋಗುವಷ್ಟರಲ್ಲಿ ಮುಗಿದಿರುತ್ತದೆ. ಮಳೆ ಇದ್ದೇ ಇರುತ್ತದೆ. ಛತ್ರಿ ಒಂದೇ ತಾ.

ನಿನ್ನ,
ಮಾಬ್ಲ