ಗುಡ್ಡದ ಮೇಲಿನ ಫ್ಯಾನು ಮತ್ತು ಆಷಾಢದ ಗಾಳಿ

ಸಂಪಾದಕರೇ,

ಶಿರಾದಿಂದ ಚಿತ್ರದುರ್ಗಕ್ಕೆ ಬಸ್ಸಲ್ಲಿ ಹೋಗ್ತಿದ್ದಾಗ ಗುಡ್ಡದ ಮೇಲಿನ ಫ್ಯಾನು, ಅಂದ್ರೆ ಗಾಳಿಯಿಂದ ಕರೆಂಟ್ ಮಾಡೋ ಗಾಳಿಯಂತ್ರ ನೋಡಿ ಪಕ್ಕದಲ್ಲಿದ್ದ ಅಜ್ಜ ಒಬ್ರು "ಇವನ್ನ ತಿರುಗ್ಸೋಕೆ ಎಷ್ಟು ಕರೆಂಟ್ ಬೇಕೋ ಏನೋ" ಅಂದ್ರು, ನಗು ಬಂತು, ಆದ್ರೆ ತುಂಬಾ ಜನ ಹಂಗೇ ಅಂದ್ಕೊಂಡಿದಾರೆ. ಗಾಳಿ ರೆಕ್ಕೆ ತಿರುಗಿಸುತ್ತೆ, ಮೇಲಿರೋ ಜನರೇಟರ್ ಕರೆಂಟ್ ಮಾಡುತ್ತೆ, ಅಷ್ಟೇ. ಗಾಳಿ ವೇಗ ಡಬಲ್ ಆದ್ರೆ ಅದರ ಶಕ್ತಿ 8 ಪಟ್ಟಾಗುತ್ತೆ, ಅದಕ್ಕೇ ಗುಡ್ಡದ ತುದೀನೇ ಹುಡುಕೋದು.

ನಮ್ಮ ಪಾವಗಡದಲ್ಲಿ 2050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ, ಸರಿ, ಆದ್ರೆ ಹೊತ್ತು ಮುಳುಗಿದ್ರೆ ಅದೂ ಮಲಗುತ್ತೆ, ಆಷಾಢದಲ್ಲಿ ಮೋಡ ಬೇರೆ, ಅದೇ ಟೈಮಲ್ಲಿ ಹೆಂಚು ಹಾರೋ ಹಂಗೆ ಗಾಳಿ ಬೀಸುತ್ತೆ, ಹಂಗಾಗಿ ಎರಡೂ ಜೊತೆಗಿದ್ರೇನೇ ಲಾಭ ಅಂತ ನನ್ಗನ್ಸುತ್ತೆ.

ತೊಂದ್ರೆ ಇಲ್ವಾ ಅಂದ್ರೆ ಇದೆ. ಊರ ಹತ್ರ ಹಾಕಿದ್ರೆ ರಾತ್ರಿಯೆಲ್ಲಾ ಸುಂಯ್ ಸುಂಯ್ ಸದ್ದು, ಹದ್ದು ಬಾವಲಿ ರೆಕ್ಕೆಗೆ ಬಡಿದು ಸಾಯ್ತವೆ, ದಾರಿ ಮಾಡೋಕೆ ಗುಡ್ಡ ಕಡೀತಾರೆ, ಫೈಬರ್ ರೆಕ್ಕೆ ಹಳೇದಾದ್ರೆ ಗುಜರಿಯವ್ರಿಗೂ ಬೇಡ. ಜಾಗ ಗುರುತು ಮಾಡೋಕೆ ಮುಂಚೆ ಅಲ್ಲಿ ಕುರಿ ಮೇಯ್ಸೋರನ್ನೂ ಗ್ರಾಮಸಭೇಲಿ ಕೂರಿಸಿ ಒಂದ್ಮಾತು ಕೇಳ್ಲಿ.

- ಒಬ್ಬ ಓದುಗ, ಶಿರಾ