ಜಾಮೀನು ಸಿಕ್ಕಿದರೂ ಜೈಲಲ್ಲೇ

ಮಾನ್ಯರೇ,

ನಮ್ಮ ತೋಟದ ಲೈನ್‌ಮನೆಯ ಹುಡುಗನೊಬ್ಬನಿಗೆ ಕಳೆದ ಮಳೆಗಾಲದಲ್ಲಿ ಜಾಮೀನು ಸಿಕ್ಕಿತು. ಆದರೂ 19 ದಿನ ಒಳಗೇ ಇದ್ದ. ಶ್ಯೂರಿಟಿಗೆ ಪಹಣಿ ಬೇಕೆಂದರು. ನಾನೇ ಹೋದೆ. ನಮ್ಮದು ಜಮ್ಮಾ ಜಾಗ, ಅಂದರೆ ಕೊಡಗಿನಲ್ಲಿ ಮನೆತನಕ್ಕೆ ತಲೆತಲಾಂತರದಿಂದ ಬಂದ ಭೂಮಿ. ಪಹಣಿಯಲ್ಲಿ ತೀರಿಹೋದ ಅಜ್ಜನಿಂದ ಹಿಡಿದು ಒಕ್ಕದ (ಮನೆತನದ) ಹನ್ನೊಂದು ಹೆಸರು, ನನ್ನದು ಒಂಬತ್ತನೆಯದು. ‘ಇದು ನಡೆಯಲ್ಲ’ ಎಂದು ಕಾಗದ ಹಿಂದಕ್ಕೆ ತಳ್ಳಿದರು. ಅವನ ತಾಯಿ ಮುರಿದ ಕೊಡೆ ಹಿಡಿದು ಹೊರಗೆ ನಿಂತಿದ್ದಳು, ಅವತ್ತಿನ ಕೂಲಿಯೂ ಹೋಯಿತು.

ಜಾಮೀನಾಗಿ 7 ದಿನದೊಳಗೆ ಕೈದಿ ಹೊರಬರದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲೇ ಹೇಳಿದೆಯಂತೆ. ನನಗೆ ಗೊತ್ತಾಗಿದ್ದು ಆಮೇಲೆ.

ಲಂಡನ್ನಿನ ಬರ್ಕ್‌ಬೆಕ್ ವಿಶ್ವವಿದ್ಯಾಲಯದಲ್ಲಿರುವ ಸಂಶೋಧನಾ ಸಂಸ್ಥೆಯೊಂದು ‘ವರ್ಲ್ಡ್ ಪ್ರಿಸನ್ ಬ್ರೀಫ್’ ಹೆಸರಲ್ಲಿ ದೇಶದೇಶಗಳ ಜೈಲುಗಳ ಲೆಕ್ಕ ಇಡುತ್ತದೆ. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ (ಎನ್‌ಸಿಆರ್‌ಬಿ) ಪ್ರಕಾರ 2022ರ ಕೊನೆಗೆ ದೇಶದ 5.73 ಲಕ್ಷ ಕೈದಿಗಳಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಸರಿ, ಅವರಲ್ಲಿ ಬರೀ ಒಂದು ಪಹಣಿಗಾಗಿ ಕೂತವರೆಷ್ಟು? ಅದನ್ನು ಜೈಲಿನ ಬಾಗಿಲಿಗೇ ಹೋಗಿ ಕೇಳುವ, ಸರ್ಕಾರದ ಹಂಗಿಲ್ಲದ ಅಧ್ಯಯನ ಕೇಂದ್ರ ನಮ್ಮಲ್ಲೂ ಬೇಕು. ಮಾಡುವವರಿದ್ದರೆ ಮೊದಲು ಮಡಿಕೇರಿಗೆ ಬರಲಿ. ಆ ಪಹಣಿಯ ಜೆರಾಕ್ಸ್ ಇನ್ನೂ ನನ್ನ ಬಳಿ ಇದೆ.

– ಕಾಫಿ ಬೆಳೆಗಾರ, ಮಡಿಕೇರಿ ತಾಲ್ಲೂಕು